ಎಪ್ಪತ್ತೆಂಟು ಸಾವಿರದ ಪೆಟ್ಟಿಗೆ

ಈ ಶ್ರದ್ಧಾಂಜಲಿ ಸಭೆಯಲ್ಲಿರುವ ಹಿರಿಯರಿಗೆ, ಅನಂತಪದ್ಮನಾಭ ಮೇಷ್ಟ್ರ ಶಿಷ್ಯರಿಗೆ, ಮುಂದಿನ ಸಾಲಿನಲ್ಲಿ ಕುಳಿತಿರುವ ಮೇಷ್ಟ್ರ ಮನೆಯವರಾದ ಸೀತಾದೇವಿ ಅಮ್ಮನವರಿಗೆ, ಮಗಳು ವಿಭಾಗೆ — ಕಲ್ಲಪ್ಪನ ನಮಸ್ಕಾರ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಡೂರಿನ ಇದೇ ಪ್ರೌಢಶಾಲೆಯಲ್ಲಿ ಮೂವತ್ತೆರಡು ವರ್ಷ ಗುಮಾಸ್ತನಾಗಿದ್ದವನು ನಾನು. ಊರು ಚೌಳಹಿರಿಯೂರು. ಬೆನ್ನ ಹಿಂದೆ ನನ್ನನ್ನು ‘ಅನುಮಾನದ ಕಲ್ಲಪ್ಪ’ ಅನ್ನುತ್ತಿದ್ದರು. ಅಂದವರೂ ಇಲ್ಲೇ ಕೂತಿದ್ದೀರಿ, ನಗಬೇಡಿ. ಅದರಲ್ಲಿ ಸುಳ್ಳೇನೂ ಇಲ್ಲ. ಜವಾನ ಗಂಟೆ ತಡವಾಗಿ ಬಾರಿಸಿದರೆ ನನಗೆ ಅನುಮಾನ. ಸರಿಯಾದ ಹೊತ್ತಿಗೆ ಬಾರಿಸಿದರೆ, ಇವತ್ತೇಕೆ ಇಷ್ಟು ಸರಿಯಾಗಿ ಬಾರಿಸಿದ ಅಂತ ಇನ್ನೊಂದು ಅನುಮಾನ. ನನ್ನ ಹುಟ್ಟುಗುಣ ಅದು.

ಇವತ್ತೂ ಬಂತು, ಅನುಮಾನ. ನನಗಿಂತ ಮೊದಲು ಮೂರು ಜನ ಮಾತಾಡಿದರು. ಮೂವರೂ ಮೇಷ್ಟ್ರ ಬಗ್ಗೆ ಎರಡು ಮಾತಾಡಿ, ಆಮೇಲೆ ಪೂರ್ತಿ ಈ ಕಂಪ್ಯೂಟರ್ ಬಗ್ಗೆ ಮಾತಾಡಿದರು — ಇದೋ, ಫೋಟೋ ಪಕ್ಕದಲ್ಲಿ ಇಟ್ಟಿದ್ದಾರಲ್ಲ, ಇದು. ಇದಕ್ಕೂ ಒಂದು ಹಾರ ಹಾಕಿದ್ದಾರೆ, ನೋಡಿ. ಹಳೆ ವಿದ್ಯಾರ್ಥಿ ಸಂಘದ ಅಧ್ಯಕ್ಷ ನಮ್ಮ ತಿಮ್ಮೇಶ್ ಏನಂದ? “ತೊಂಬತ್ನಾಲ್ಕನೇ ಇಸವೀಲಿ ಎಪ್ಪತ್ತೆಂಟು ಸಾವ್ರ ಕಣ್ರೀ! ಆ ದುಡ್ಡಿಗೆ ಕಡೂರಲ್ಲಿ ಒಂದು ಸೈಟ್ ಬರ್ತಿತ್ತು. ಆಗ ಕಂಪ್ಯೂಟರ್‌ಗೆ ಒಂದು ಬೆಲೆ ಅಂತಿತ್ತು, ಮರ್ಯಾದೆ ಅಂತಿತ್ತು” ಅಂದ. ಅನ್ನುವಾಗ ಅವನ ಕಣ್ಣು ಒದ್ದೆಯಾಯಿತು. ಆ ವರ್ಷದ ತೊಗರಿಬೇಳೆ ಬೆಲೆ ನೆನೆದು ಯಾರೂ ಅತ್ತಿದ್ದನ್ನು ನಾನು ಕಂಡಿಲ್ಲ. ಇದರ ಬೆಲೆಗೆ ಮಾತ್ರ ಎಲ್ಲರೂ ಕಣ್ಣು ಒರೆಸಿಕೊಳ್ಳುತ್ತಾರೆ. ಯಾಕೆ?

ತಿಮ್ಮೇಶ್ ಇನ್ನೊಂದು ಮಾತೂ ಅಂದ. ನಗುತ್ತಾ ಅಂದ. “ಆ ಮೆಮೊರಿ ವಿಷಯ ಏನೇ ಇರ್ಲಿ, ನಮ್ ಮೇಷ್ಟ್ರು ನಮ್ ಮೇಷ್ಟ್ರೇ.” ಹಳಬರಲ್ಲಿ ಕೆಲವರು ನಕ್ಕರು. ಅಮ್ಮನವರು ತಲೆ ತಗ್ಗಿಸಿದರು. ನಾನು ನೋಡಿದೆ — ನೋಡುವುದೇ ನನ್ನ ಕಸುಬು.

ಏನೇ ಇರಲಿ ಅಲ್ಲ, ತಿಮ್ಮೇಶ್. ಏನಿತ್ತು ಅಂತ ಹೇಳುವುದಕ್ಕೇ ನಾನು ಇವತ್ತು ಮೈಕು ಕೇಳಿ ಇಸಿದುಕೊಂಡಿದ್ದು.

ಈ ಕಂಪ್ಯೂಟರ್ ಸುಮ್ಮನೆ ಬರಲಿಲ್ಲ. ಪಂಚನಹಳ್ಳಿ ಕಡೆ ತೋಟದವರ ಮನೆಮನೆಗೆ ಮೇಷ್ಟ್ರು ಸೈಕಲ್ಲಿನಲ್ಲಿ ಹೋಗಿ ಚೀಲದ ಲೆಕ್ಕದಲ್ಲಿ ಕೊಬ್ಬರಿ ಎತ್ತಿದರು. ಆಗ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದ ಈರಭದ್ರಪ್ಪನವರೇ ಐದು ಚೀಲ ಕೊಟ್ಟರು. ಅದನ್ನು ಮಾರಿದ ದುಡ್ಡಿನಲ್ಲಿ ಇದು ಬಂತು. ಬಂದ ಮೇಲೆ ಇದಕ್ಕೊಂದು ಕೋಣೆ, ಕಿಟಕಿಗೆ ಪರದೆ, ಒಳಗೆ ಚಾಪೆ. ಚಪ್ಪಲಿ ಹೊರಗೆ. ಹುಡುಗರು ಕೈ ಕಟ್ಟಿಕೊಂಡು ನಿಲ್ಲಬೇಕು, ಒಬ್ಬೊಬ್ಬರು ಒಂದೊಂದು ಕೀಲಿ ಒತ್ತಿ ಆಚೆ ಬರಬೇಕು. ಒತ್ತಿ ಬಂದವರು ಆ ಬೆರಳನ್ನು ಬೇರೆಯವರಿಗೆ ತೋರಿಸುತ್ತಿದ್ದರು. ಮೇಷ್ಟ್ರಿಗೆ ಇದರ ಬಿಲ್ಲು ಪೂರ್ತಿ ಬಾಯಿಪಾಠ — ಮಾನಿಟರ್‌ಗೆ ಇಷ್ಟು, ಪ್ರಿಂಟರ್‌ಗೆ ಇಷ್ಟು, ವೈರಿಗೆ ಇಷ್ಟು. ಸಾಯುವವರೆಗೂ ಒಂದು ರೂಪಾಯಿ ಹೆಚ್ಚುಕಮ್ಮಿ ಇಲ್ಲದೆ ಹೇಳುತ್ತಿದ್ದರು.

ಬಿಲ್ಲು ಇದ್ದದ್ದು ನನ್ನ ಫೈಲಿನಲ್ಲಿ. ಅದರಲ್ಲಿ ‘ಮೆಮೊರಿ ಎಂಟು’ ಅಂತ ಇತ್ತು. ಸ್ವಿಚ್ ಹಾಕಿದರೆ ಇದು ಮೊದಲು ತನ್ನ ಮೆಮೊರಿಯನ್ನು ತಾನೇ ಎಣಿಸಿಕೊಳ್ಳುತ್ತದೆ. ಪರದೆಯ ಮೇಲೆ ಅಂಕಿ ಹೀಗೆ — ಸರಸರ ಓಡಿ ಎಂಟಕ್ಕೆ ನಿಲ್ಲುತ್ತಿತ್ತು. ದಿನಾ ಬೆಳಿಗ್ಗೆ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಬೇರೆಯವರು ದೇವರ ಫೋಟೋಗೆ ಕೈ ಮುಗಿಯುತ್ತಾರೆ, ನಾನು ಅಂಕಿ ಸರಿಯಾಯಿತಾ ಅಂತ ನೋಡುತ್ತಿದ್ದೆ.

ಒಂದು ಸೋಮವಾರ — ನಾಲ್ಕಕ್ಕೆ ನಿಂತುಬಿಟ್ಟಿತು.

ಎಂಟಿದ್ದದ್ದು ನಾಲ್ಕು. ಹಿಂದಿನ ದಿನ ಭಾನುವಾರ, ಕೋಣೆಗೆ ಸುಣ್ಣ ಹೊಡೆಸಬೇಕು ಅಂತ ಮೇಷ್ಟ್ರು ಒಬ್ಬರೇ ಬಂದು ಮೇಜು ಎಳೆದಿದ್ದರು. ಮೆಮೊರಿ ಅಂದರೆ ಅರ್ಧ ಬಾಚಣಿಗೆಯಷ್ಟು ಉದ್ದದ ಹಸಿರು ತುಂಡು. ಅಂಥವು ಎರಡು, ಒಂದೊಂದಕ್ಕೆ ಆರು ಸಾವಿರದ ಎಂಟುನೂರ ಐವತ್ತು ರೂಪಾಯಿ. ನನ್ನ ಮೂರು ತಿಂಗಳ ಸಂಬಳ! ಅಂಗಿ ಜೇಬಿನಲ್ಲಿ ಹಿಡಿಯುವ ವಸ್ತು. ನನ್ನ ತಲೆಯಲ್ಲಿ ಲೆಕ್ಕ ಕೂಡಿಹೋಯಿತು. ಮೇಷ್ಟ್ರನ್ನೇ ಕೇಳಬಹುದಿತ್ತಲ್ಲ ಅನ್ನುತ್ತೀರಿ. ಅನುಮಾನದವನು ಕೇಳುವುದಿಲ್ಲ ಸ್ವಾಮಿ. ಕೇಳಿದರೆ ಅನುಮಾನ ಹೋಗಿಬಿಡುತ್ತದಲ್ಲ!

ನಾನು ಮೂಗರ್ಜಿ ಬರೆದೆ.

ಹೌದು. ಈ ಊರಿನಲ್ಲಿ ಮೂವತ್ತೊಂದು ವರ್ಷ ‘ಯಾರು ಬರೆದಿರಬಹುದು, ಯಾರು ಬರೆದಿರಬಹುದು’ ಅಂತ ಮಾತಾಡಿಕೊಂಡರಲ್ಲ, ಆ ಹೆಸರಿಲ್ಲದ ಅರ್ಜಿ ಬರೆದವನು ನಾನು. ಈ ಕಲ್ಲಪ್ಪ.

ಕೈಯಲ್ಲಿ ಬರೆದರೆ ಅಕ್ಷರ ಗುರುತು ಸಿಗುತ್ತದೆ. ಅದಕ್ಕೆ ಇದರಲ್ಲೇ ಬರೆದೆ. ನಗಬೇಡಿ. ಇಡೀ ಶಾಲೆಗೆ ಒಂದೇ ಕಂಪ್ಯೂಟರ್. ಅಂಕಪಟ್ಟಿ ಟೈಪ್ ಮಾಡಲು ಮೇಷ್ಟ್ರು ನನಗೊಬ್ಬನಿಗೇ ಕೋಣೆಯ ಕೀಲಿಕೈ ಕೊಡುತ್ತಿದ್ದರು, ಬೆರಳು ಹಿಡಿದು ಕಲಿಸಿದ್ದೂ ಅವರೇ. “ಕಲ್ಲಪ್ಪನೋರೆ, ಬರ್ದ ತಕ್ಷಣ ಸೇವ್ ಮಾಡ್ಬಿಡಿ. ಕರೆಂಟು ಹೇಳಿ ಕೇಳಿ ಹೋಗಲ್ಲ” ಅನ್ನುತ್ತಿದ್ದರು. ಅವರ ಮೇಲಿನ ಅರ್ಜಿಯನ್ನೂ ನಾನು ಅದೇ ಅಭ್ಯಾಸದಲ್ಲಿ ಸೇವ್ ಮಾಡಿದೆ. ಪ್ರಿಂಟು ತೆಗೆದ ಮೇಲೆ ಕಾಗದ ನನ್ನ ಕೈಗೆ ಬಂತು, ಇನ್ನು ಪೆಟ್ಟಿಗೆಯೊಳಗೆ ಏನಿರುತ್ತದೆ ಅಂದುಕೊಂಡೆ. ಎಷ್ಟು ಅನುಮಾನದವನಾದರೂ ಅಲ್ಲಿ ನನಗೆ ಅನುಮಾನ ಬರಲಿಲ್ಲ.

ಅರ್ಜಿಯಲ್ಲಿ ‘ಹತ್ತು ಸಾವಿರ ರೂಪಾಯಿ ಬೆಲೆಯ ಭಾಗವನ್ನು ಲಪಟಾಯಿಸಿದ್ದಾರೆ’ ಅಂತ ಇಂಗ್ಲಿಷಿನಲ್ಲಿ ಬರೆದೆ. ನಿಜವಾದ ಬೆಲೆ ನನಗೆ ಗೊತ್ತಿತ್ತು. ಬೇಕಂತಲೇ ಏರಿಸಿದೆ.

ಮಂಡಳಿ ಸೇರಿತು. ಈರಭದ್ರಪ್ಪನವರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, “ಇದು ಕಂಪ್ಯೂಟ್ರು ಅಕ್ಸರ ಕಣ್ರಪ್ಪ. ಬೆಂಗ್ಳೂರಿಂದ್ಲೇ ಬಂದಿರ್ಬೇಕು. ಸುಮ್‌ಸುಮ್ನೆ ಯಾರೂ ಇದ್ರಲ್ಲಿ ಬರ್ಯಲ್ಲ” ಅಂದರು. ಎಪ್ಪತ್ತೆಂಟು ಸಾವಿರದ ಯಂತ್ರ ಸುಳ್ಳು ಹೇಳುತ್ತದೆಯೇ? ಇದೇ ಮಾತನ್ನು ಕೈಬರಹದಲ್ಲಿ ಬರೆದಿದ್ದರೆ ಹರಿದು ಬಿಸಾಕುತ್ತಿದ್ದರು.

ಮೇಷ್ಟ್ರನ್ನು ಕರೆಸಿದರು. ನಾನು ಪಕ್ಕದಲ್ಲೇ ಕೂತು ನಡವಳಿ ಬರೆಯುತ್ತಿದ್ದೆ. ಮೇಷ್ಟ್ರು ಒಂದೇ ಮಾತು ಕೇಳಿದರು — “ಪೆಟ್ಟಿಗೆ ಬಿಚ್ಚಿ ನೋಡೋಣ. ತುಂಡು ಸಡಿಲ ಆಗಿರ್ಬೋದು.” ಯಾರೂ ಒಪ್ಪಲಿಲ್ಲ. ತಿರುಪಿನ ಮೇಲೆ ಕಂಪನಿಯ ಚೀಟಿ ಅಂಟಿಸಿತ್ತು. ಅದು ಹರಿದರೆ ಗ್ಯಾರಂಟಿ ಹೋಗುತ್ತದೆ, ಕೆಟ್ಟರೆ ಯಾರು ಕೊಡುತ್ತಾರೆ? ತಿಮ್ಮೇಶ್, ನೀನು ಹೇಳಿದೆಯಲ್ಲ, ಆಗ ಇದಕ್ಕೆ ಬೆಲೆ ಇತ್ತು ಅಂತ — ಆ ಬೆಲೆಗೆ ಹೆದರಿಯೇ ಒಂದು ತಿರುಪು ಬಿಚ್ಚುವ ಧೈರ್ಯ ಯಾರಿಗೂ ಬರಲಿಲ್ಲ. ಮನುಷ್ಯನ ಮಾನಕ್ಕಿಂತ ಚೀಟಿ ದೊಡ್ಡದಾಯಿತು.

ಆಮೇಲೆ ಈರಭದ್ರಪ್ಪನವರು ಕೇಳಿದರು: “ಕೀಲಿಕೈ ಯಾರ್ಯಾರ ಹತ್ರ ಇರ್ತೈತೆ ಮೇಷ್ಟ್ರೆ?”

ಮೇಷ್ಟ್ರು ನನ್ನನ್ನು ನೋಡಲಿಲ್ಲ. “ನನ್ನೊಬ್ನ ಹತ್ರಾನೇ” ಅಂದರು.

“ಯಾರ ಮ್ಯಾಲಾದ್ರೂ ಅನುಮಾನ?”

“ಇಲ್ಲ.”

ಆಗ ನನಗೆ ಏನನ್ನಿಸಿತು ಗೊತ್ತೇ? ಕೀಲಿಕೈ ನನಗೂ ಕೊಡುತ್ತಿದ್ದರು. ಹಾಗಾದರೆ ಮೇಷ್ಟ್ರು ಹೇಳಿದ್ದು ಸುಳ್ಳು! ಸುಳ್ಳು ಹೇಳಿದ ಮೇಲೆ ಕಳ್ಳನೇ! ಹೀಗೆಂದುಕೊಂಡೇ ನಡವಳಿಯಲ್ಲಿ ಸ್ಫುಟವಾಗಿ ಬರೆದೆ — ‘ಉತ್ತರ ಅನುಮಾನಾಸ್ಪದವಾಗಿದೆ.’ ಮಂಡಳಿ ಸಹಿ ಹಾಕಿತು.

ಹನ್ನೊಂದು ತಿಂಗಳು ಕಂಪ್ಯೂಟರ್ ಕೋಣೆಯ ಉಸ್ತುವಾರಿ ನನಗೆ ಬಂತು. ಆ ವರ್ಷ ಅವರಿಗೆ ಬರಬೇಕಾಗಿದ್ದ ಹೆಡ್‌ಮಾಸ್ಟರ್ ಕುರ್ಚಿ ಬೇರೆಯವರಿಗೆ ಹೋಯಿತು. ಅವರು ಕೊನೆಯವರೆಗೂ ಬರೀ ಮೇಷ್ಟ್ರಾಗಿಯೇ ಉಳಿದರು. ವಿಭಾ ಆಗ ಎಂಟನೇ ಕ್ಲಾಸು. ಅವಳ ಬೆಂಚಿನ ಮೇಲೆ ಯಾರೋ ‘ಕಂಪ್ಯೂಟರ್ ಕಳ್ಳ’ ಅಂತ ಸೀಮೆಸುಣ್ಣದಲ್ಲಿ ಬರೆದಿದ್ದರು. ಅದನ್ನು ಅವಳು ಲಂಗದ ತುದಿಯಿಂದ ಒರೆಸುತ್ತಿದ್ದಳು. ನಾನು ವರಾಂಡದಲ್ಲಿ ರಿಜಿಸ್ಟರ್ ಹಿಡಿದುಕೊಂಡು ಹೋಗುತ್ತಿದ್ದೆ. ನಿಲ್ಲಲಿಲ್ಲ.

ಕೊನೆಗೆ ಇದು ಪೂರ್ತಿ ಕೆಟ್ಟು ನಿಂತಾಗ ಶಿವಮೊಗ್ಗದಿಂದ ಇಂಜಿನಿಯರ್ ಬಂದ. ಬಿಚ್ಚಿದ. ಎರಡು ತುಂಡೂ ಒಳಗೇ ಇದ್ದವು. ಮೇಜು ಎಳೆದ ಕುಲುಕಾಟಕ್ಕೆ ಒಂದು ಸ್ವಲ್ಪ ಮೇಲೆ ಎದ್ದಿತ್ತು, ಅಷ್ಟೇ. ಹೆಬ್ಬೆರಳಿನಲ್ಲಿ — ಹೀಗೆ — ಒತ್ತಿದ. ಟಕ್ ಅಂತು. ಇನ್ನೊಂದು ಸಣ್ಣ ರಿಪೇರಿ ಮಾಡಿ ಸ್ವಿಚ್ ಹಾಕಿದ. ಅಂಕಿ ಎಂಟಕ್ಕೆ ಹೋಯಿತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಊರಿನಲ್ಲಿ ಏನಂದರು? “ವಿಚಾರಣೆ ಆಯ್ತಲ್ಲ, ಹೆದ್ರಿಕೊಂಡು ತಂದು ಮಡಗಿರ್ತಾರೆ.” ಆ ಮಾತು ಮೊದಲು ಯಾರ ಬಾಯಿಂದ ಬಂತು? ಬಸ್‌ಸ್ಟ್ಯಾಂಡ್ ಎದುರಿನ ಟೀ ಅಂಗಡಿಯಲ್ಲಿ, ನನ್ನ ಬಾಯಿಂದ. ನನ್ನ ಅನುಮಾನ ತಪ್ಪಾಗಿತ್ತು ಅಂತ ಒಪ್ಪಿಕೊಳ್ಳಲು ನನಗೆ ಆಗಲಿಲ್ಲ. ನಾನು ಪಾಪಿ ಸ್ವಾಮಿ, ಬೇರೆ ಮಾತು ಸಿಗುತ್ತಿಲ್ಲ.

ಮುಂದೆ ಶಾಲೆಯವರು ಇದನ್ನು ಗುಜರಿಗೆ ಹಾಕಿದರು. ಎಪ್ಪತ್ತೆಂಟು ಸಾವಿರದ್ದು ಮುನ್ನೂರು ರೂಪಾಯಿಗೆ ಹೋಯಿತು. ಕೊಂಡವರು ಮೇಷ್ಟ್ರೇ. ಬಟ್ಟೆ ಮುಚ್ಚಿ ಮನೆಯ ನಡುಕೋಣೆಯಲ್ಲಿ ಇಟ್ಟುಕೊಂಡರು. ಯಾಕೆ ಇಟ್ಟುಕೊಂಡರು ಅಂತ ನನಗೆ ಅನುಮಾನ ಇದ್ದೇ ಇತ್ತು.

ಹೋದ ವಾರ ವಿಭಾ ಅಜ್ಜಂಪುರದಿಂದ ಫೋನ್ ಮಾಡಿದಳು. ಅವಳು ಅಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಇವತ್ತಿನ ಸಭೆಗೆ ಅಂತ ಇದನ್ನು ಅಲ್ಲಿಗೆ ತರಿಸಿಕೊಂಡು, ತರೀಕೆರೆಯ ರಿಪೇರಿ ಅಂಗಡಿ ಭಾರ್ಗವನ ಕೈಯಲ್ಲಿ ಮತ್ತೆ ನಡೆಯುವ ಹಾಗೆ ಮಾಡಿಸಿದ್ದಳು. “ಕಲ್ಲಪ್ಪ ಅಂಕಲ್, ಬನ್ನಿ. ಇದ್ರಲ್ಲಿ ಏನೋ ಒಂದು ಅರ್ಜಿ ಇದೆ. ಅಪ್ಪನ ಮೇಲೇ ಬರ್ದಿರೋದು. ಅಪ್ಪನ ಕಂಪ್ಯೂಟರಲ್ಲೇ ಇದೆಯಲ್ಲ… ಇದನ್ನ ಅಪ್ಪನೇ ಬರ್ದಿದ್ರಾ ಅಂಕಲ್?”

ನೋಡಿ. ಮಗಳಿಗೂ ಅನುಮಾನ ಹತ್ತಿಸಿಬಿಟ್ಟಿದ್ದೆ.

ಹೋದೆ. ಅಜ್ಜಂಪುರದ ಅವಳ ಮನೆಯಲ್ಲಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆ. ನನ್ನ ಅರ್ಜಿಯೇ. ಅಕ್ಷರಕ್ಕೆ ಅಕ್ಷರ ನನ್ನದೇ. ಒಂದು ಕಡೆ ಮಾತ್ರ ಬೇರೆ. ನಾನು ಹತ್ತು ಸಾವಿರ ಅಂತ ಬರೆದಿದ್ದೆನಲ್ಲ, ಅಲ್ಲಿ ಆರು ಸಾವಿರದ ಎಂಟುನೂರ ಐವತ್ತು ಅಂತ ಇತ್ತು. ಯಾರೋ ತಿದ್ದಿದ್ದಾರೆ. ಬಿಲ್ಲು ಬಾಯಿಪಾಠ ಇದ್ದವರು ಇಬ್ಬರೇ. ನಾನು ತಿದ್ದಿಲ್ಲ.

ತಿದ್ದಿದ ತಾರೀಕನ್ನು ಅಲ್ಲೇ ಇದ್ದ ಭಾರ್ಗವ ತೋರಿಸಿದ. ನಾನು ಬರೆದ ಮಾರನೆಯ ದಿನ. ವಿಚಾರಣೆಗೆ ಇನ್ನೂ ಒಂಬತ್ತು ದಿನ ಇತ್ತು.

ಅಂದರೆ — ಮಂಡಳಿಯ ಮುಂದೆ ನಿಂತಾಗ ಮೇಷ್ಟ್ರಿಗೆ ಗೊತ್ತಿತ್ತು. ಪಕ್ಕದಲ್ಲಿ ನಡವಳಿ ಬರೆಯುತ್ತಾ ಕೂತಿರುವವನೇ ಅರ್ಜಿ ಬರೆದವನು ಅಂತ ಗೊತ್ತಿತ್ತು. ‘ಕೀಲಿಕೈ ಕಲ್ಲಪ್ಪನ ಹತ್ತಿರವೂ ಇರುತ್ತದೆ’ ಅಂತ ಒಂದು ಮಾತು ಅಂದಿದ್ದರೆ, ಅವತ್ತೇ ನನ್ನ ಕೆಲಸ ಹೋಗುತ್ತಿತ್ತು. ನನಗೆ ಆಗ ಇಬ್ಬರು ಸಣ್ಣ ಮಕ್ಕಳು. ಅದಕ್ಕೇ ಅವರು ಸುಳ್ಳು ಹೇಳಿದ್ದು. ನಾನು ಆ ಸುಳ್ಳನ್ನೇ ಹಿಡಿದು ಅವರನ್ನು ಕಳ್ಳ ಮಾಡಿದೆ.

ಅದು ಕ್ಷಮೆಯೋ, ಬೇಜಾರೋ, ‘ಇವನ ಹತ್ತಿರ ಏನು ಮಾತು’ ಅನ್ನುವ ತಾತ್ಸಾರವೋ, ನನಗೆ ಗೊತ್ತಿಲ್ಲ. ವಾರವೆಲ್ಲ ಯೋಚನೆ ಮಾಡಿದೆ. ಕೇಳೋಣ ಅಂದರೆ ಮೇಷ್ಟ್ರಿಲ್ಲ. ಕೇಳಬಹುದಾಗಿದ್ದ ಅಷ್ಟು ವರ್ಷ ಕೇಳಲಿಲ್ಲ.

ತಿಮ್ಮೇಶ್, ಇದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ಬೆಲೆಯ ಫಲಕ ಹಾಕಿಸುತ್ತೀಯಂತೆ. ಹಾಕಿಸಪ್ಪ, ಚೆನ್ನಾಗಿರುತ್ತದೆ. ಅದಕ್ಕೆ ಮೊದಲು ಒಂದು ಕೆಲಸ ಇದೆ. ಈಗಿನ ಮಂಡಳಿಯ ಕಾರ್ಯದರ್ಶಿ ಪ್ರತಿಮಾ ಮೇಡಂ ವೇದಿಕೆಯಲ್ಲಿದ್ದಾರೆ. ಮೇಡಂ, ಇದು ನನ್ನ ಅರ್ಜಿ. ಹಳೆಯ ನಡವಳಿ ಪುಸ್ತಕದಲ್ಲಿ ‘ಅನುಮಾನಾಸ್ಪದ’ ಅಂತ ಇರುವ ಸಾಲನ್ನು ಹೊಡೆದುಹಾಕಬೇಕು ಅಂತ ಬರೆದಿದ್ದೇನೆ. ಕೈಬರಹ. ಕೆಳಗೆ ನನ್ನ ಹೆಸರು, ಸಹಿ ಎರಡೂ ಇವೆ. ತಗೊಳ್ಳಿ.

ಅಮ್ಮಾ, ಸೀತಾದೇವಮ್ಮನವರೇ. ಇಷ್ಟು ವರ್ಷ ನಿಮ್ಮ ಮನೆಗೆ ಬಂದು ನೀವು ಕೊಟ್ಟ ಕಾಫಿ ಕುಡಿದಿದ್ದೇನೆ. ಒಂದು ದಿನವೂ ನೀವು ಮುಖ ಸಿಂಡರಿಸಲಿಲ್ಲ. ನಿಮಗೂ ಗೊತ್ತಿತ್ತೇನಮ್ಮಾ? — ಬೇಡ, ಈಗ ಹೇಳಬೇಡಿ.

ಸಭೆಯವರೇ, ಮೇಷ್ಟ್ರಿಗಾಗಿ ಎರಡು ನಿಮಿಷ ಮೌನವಾಗಿ ನಿಲ್ಲೋಣ. ಇಷ್ಟು ಕೇಳಿದ ಮೇಲೆ ನನ್ನಂಥವನು ಹೇಳಿದ್ದಕ್ಕೆ ಏಳುವುದು ಬೇಡ ಅನ್ನಿಸಿದವರು ಕೂತೇ ಇರಿ, ನಾನು ತಪ್ಪು ತಿಳಿಯುವುದಿಲ್ಲ. ನಾನು ಕೆಳಗಿಳಿದು ಆ ಕೊನೆಯ ಸಾಲಿನಲ್ಲಿ —

ಅಯ್ಯೋ ಅಮ್ಮಾ, ನೀವು ಯಾಕೆ… ಕೋಲು ಕೊಡು ವಿಭಾ, ಕೈ ಹಿಡಿದುಕೋ.

ಅಮ್ಮನವರು ಎದ್ದಿದ್ದಾರೆ. ದಯವಿಟ್ಟು ಎಲ್ಲರೂ ಏಳಿ.