ಬಳ್ಳಿಯ ಬುಡದ ಚರಟ

ಆಗಸ್ಟ್ ತಿಂಗಳ ಉರಿಸೆಕೆಯ ಒಂದು ಮಧ್ಯಾಹ್ನ, ಲೇಕ್ ಚಾರ್ಲ್ಸ್ ಊರಿನ ಪಶುವೈದ್ಯಶಾಲೆಯಲ್ಲಿ ನನ್ನ ಮುದಿ ಬೆಕ್ಕಿನೊಡನೆ ಸರದಿಗಾಗಿ ಕಾಯುತ್ತಿದ್ದೆ. ಎದುರು ಬೆಂಚಿನಲ್ಲಿದ್ದ, ನನಗೆ ಪರಿಚಯದ ಕ್ಲೋವಿಸನ ಕಾಲ ಬಳಿ ಅವನ ನಾಯಿ ಬೂಡಾನ್ ನಾಲಿಗೆ ಚಾಚಿ ಏದುಸಿರು ಬಿಡುತ್ತಿತ್ತು. ಅವನ ನೆರೆಯವಳಾದ ಡೆಲ್ಫೀನ್, ಬುಟ್ಟಿಯಲ್ಲೊಂದು ಕೋಳಿಯನ್ನಿಟ್ಟುಕೊಂಡು ಬಂದು, ಅವನ ಪಕ್ಕದಲ್ಲಿ ಕುಳಿತಳು.

“ಏನಯ್ಯಾ, ನಾಯಿಗೂ ಬಿಯರ್ ಕುಡಿಸಿದ್ಯಾ?”

“ಸೆಕೆ ಕಣೇ. ಬೇರೇನಿಲ್ಲ.”

“ಇಲ್ಲಿ ಇಷ್ಟು ತಣ್ಣಗಿದೆ. ಏದುಸಿರು ಇನ್ನೂ ನಿಂತಿಲ್ವಲ್ಲ.”

“ನಿಲ್ಲುತ್ತೆ ಬಿಡು. ನನ್ನ ಹಾಪ್ಸ್ ಬಳ್ಳಿ ಈ ಸಲ ಹೂ ಬಿಡ್ತು, ಗೊತ್ತಾ? ಈ ತೇವಕ್ಕೆ ಎಲೆಗೆಲ್ಲ ಬೂಷ್ಟು ಹಿಡಿಯುತ್ತೆ, ಹೂವಿನ ಆಸೆ ಬಿಡು ಅಂತ ನಗ್ತಿದ್ದೆಯಲ್ಲ. ನಿನ್ನೆ ಕಹಿಗೆ ಅದೇ ಹೂ ಹಾಕಿ ಬಿಯರ್ ಕುದಿಸಿದೆ.”

“ಕುದಿಸಿ ಸೋಸಿದ ಮೇಲೆ ಉಳಿದ ಹೂವಿನ ಚರಟ ಎಲ್ಲಿ ಸುರಿದೆ?”

“ಬಳ್ಳಿ ಬುಡಕ್ಕೇ. ಒಳ್ಳೇ ಗೊಬ್ಬರ.”

“ಸುತ್ತ ಬೇಲಿ ಇದೆಯಾ?”

“ಇಲ್ಲ. ಬೆಳಿಗ್ಗೆ ನೋಡಿದ್ರೆ ಏನೋ ಬುಡ ಎಲ್ಲ ಕೆದಕಿತ್ತು. ಆ ಚಿಪ್ಪುಮೈಯ ಪ್ರಾಣಿ, ಆರ್ಮಡಿಲೊ, ಹುಳ ಹುಡುಕಿಕೊಂಡು ಬಂದಿರ್ಬೇಕು ಅಂದ್ಕೊಂಡೆ.”

ಡೆಲ್ಫೀನ್ ಬಾಗಿ ನಾಯಿಯ ಕಿವಿಯನ್ನು ಮುಟ್ಟಿದಳು.

“ಮೈ ಕೆಂಡದ ಹಾಗಿದೆ. ಹಾಪ್ಸ್ ನಾಯಿಗೆ ವಿಷ ಕಣೋ. ನಮ್ಮಣ್ಣನ ನಾಯೀನೂ ಆ ಚರಟಾನೇ ತಿಂದಿತ್ತು. ಅವನೂ ಸೆಕೆ ಅಂತಲೇ ಕೂತಿದ್ದ.”

ಬಾಗಿಲು ತೆರೆಯಿತು. “ಬಿಸಿಲು ಬಡಿದ ನಾಯಿ ಯಾವುದು?” ಎಂದಳು ದಾದಿ.

“ಬಿಸಿಲಲ್ಲ,” ಎನ್ನುತ್ತ ಕ್ಲೋವಿಸ್ ನಾಯಿಯನ್ನು ತೋಳಿಗೆತ್ತಿಕೊಂಡನು. “ಡೆಲ್ಫೀನ್, ನಿಮ್ಮಣ್ಣನ ನಾಯಿ ಉಳೀತಾ?”

“ನೀನು ಮೊದಲು ಒಳಗೆ ನಡಿ.”

ಅವಳೂ ಅವನ ಹಿಂದೆಯೇ ಒಳಹೋದಳು. ಕೋಳಿಯ ಬುಟ್ಟಿ ಬೆಂಚಿನ ಮೇಲೆಯೇ ಉಳಿಯಿತು.