ಅಮ್ಮನ ಚಾಕ್ ಗೆರೆ

ಹೆರಿಗೆ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಅಕ್ಕ ತಂಗಿ ಕೂತಿದ್ದರು. ತಂಗಿ ತುಂಬು ಗರ್ಭಿಣಿ. ಅಕ್ಕನ ತೊಡೆಯ ಮೇಲೆ ಹಳೆಯ ಬಟ್ಟೆ ಚೂರುಗಳನ್ನು ಕೂಡಿಸಿ ಹೊಲಿದ ಪುಟ್ಟ ಹೊದಿಕೆಯಿತ್ತು. ನಡುವೆ ಒಂದು ಚೂರಿನ ಜಾಗ ಖಾಲಿ.

"ಆ ನೀಲಿ ಚೂರು ಎಲ್ಲಿ, ಅಕ್ಕಾ?"

"ಅದನ್ನ ಕೇಳ್ಬೇಡ. ಅಮ್ಮ ನನ್ನ ಅಂಗಿಗೆ ಅಂತ ಚಾಕಲ್ಲಿ ಗೆರೆ ಎಳೆದಿಟ್ಟಿದ್ಳು. ಕತ್ತರಿ ಹಾಕೋ ಮುಂಚೆನೇ ತೀರ್ಕೊಂಡ್ಳು."

"ಅದಕ್ಕೇ ಬೇಕು ನಂಗೆ."

"ನಿನ್ ಮಗು ಉಚ್ಚೆ ಹೊಯ್ಯುತ್ತೆ, ನೀನು ಒಗೀತೀಯ. ಗೆರೆ ಉಳಿಯುತ್ತಾ?"

"ಪೆಟ್ಟಿಗೇಲಿದ್ರೆ ಉಳಿಯುತ್ತಾ? ಆಗ್ಲೇ ಅರ್ಧ ಉದುರಿದೆ."

ಅಕ್ಕ ಹೊದಿಕೆಯ ಖಾಲಿ ಜಾಗದ ಮೇಲೆ ಬೆರಳಾಡಿಸಿದಳು.

"ಗೆರೆ ಮೇಲೇ ಕೆಂಪು ದಾರ ಓಡಿಸ್ಬಿಡು. ಎಷ್ಟು ಒಗೆದ್ರೂ ಹೋಗಲ್ಲ."

ಅಕ್ಕ ಪರ್ಸಿನಿಂದ ನೀಲಿ ಚೂರನ್ನು ತೆಗೆದಳು.

"ಅಯ್ಯೋ ಕಳ್ಳಿ, ತಂದೇ ಇದ್ದೀಯ!"

"ಬಾಯ್ಮುಚ್ಚೇ. ಇಲ್ಲಿ ಗೆರೆ ಸೊಟ್ಟ ಹೋಗಿದೆ ನೋಡು. ಕನ್ನಡಕ ಹಾಕ್ಕೋ ಅಂದ್ರೆ ಅಮ್ಮ ಎಲ್ಲಿ ಕೇಳ್ತಿದ್ಳು! ನೆಟ್ಟಗೆ ಮಾಡ್ಲಾ?"

"ಬೇಡ, ಸೊಟ್ಟಗೇ ಹೊಲಿ."

ಅಕ್ಕ ಸೂಜಿಗೆ ಕೆಂಪು ದಾರ ಪೋಣಿಸಿ ಗೆರೆಯ ಮೇಲೆ ಮೊದಲ ಹೊಲಿಗೆ ಹಾಕಿದಳು. ಅಷ್ಟರಲ್ಲಿ ನರ್ಸ್ ತಂಗಿಯನ್ನು ಕರೆದಳು.

"ನಂಗೆ ಭಯ ಆಗುತ್ತೆ, ನೀನೂ ಬಾರೆ."

"ಬರ್ದೇ ಇರ್ತೀನಾ? ಒಳಗೇ ಕೂತು ಹೊಲೀತೀನಿ, ನಡಿ."