ಗೆರ್ನೋಟ್ ತಿದ್ದಿದ ಪಂಪು

ಬೇಡ, ಬೇಡ, ಬಾನೆಟ್ ಈಗಲೇ ಎತ್ತಬೇಡ ರೋಸ್ವಿಟಾ. ಈಗಷ್ಟೇ ಎಳ್ಕೊಂಡು ಬಂದು ಬಿಟ್ಟುಹೋಗಿದಾರೆ, ಇಂಜಿನ್ ಇನ್ನೂ ಸುಡ್ತಿರತ್ತೆ. ಕೂತ್ಕೋ. ಕಾಫಿ ಇದೆ, ಬೆಣ್ಣೆ ಸವರಿದ ಬ್ರೆಟ್ಸೆಲ್ ಬ್ರೆಡ್ಡಿದೆ... ಬೇಡ್ವಾ? ಸರಿ, ನಿಂತೇ ಕೇಳು.

ಗೈಸ್ಲಿಂಗೆನ್ ಬೆಟ್ಟದ ಏರಲ್ಲಿ ಕಾರು ನಿಂತುಹೋಯ್ತು ಅಂದ್ಯಲ್ಲ. ಹಿಂದೆ ಏನಿತ್ತು... ಲಾರಿನಾ? ದೇವರೇ. ಸದ್ಯ, ಅವನು ಬ್ರೇಕ್ ಹಾಕ್ದ. ಚಳಿ ಇದೆ. ನನ್ನ ಕೋಟು ಹಾಕ್ಕೋ... ಅದೂ ಬೇಡ್ವಾ.

ನಿಮ್ಮಪ್ಪ ಈ ಮರ್ಸಿಡಿಸ್ ತಂದ ದಿನದಿಂದ ಅದರ ಪಂಪಿಗೆ ಕೈ ಹಾಕ್ತಿದ್ದವನು ನಾನೊಬ್ಬನೇ. ಆರು ಸಿಲಿಂಡರು, ಒಂದೊಂದಕ್ಕೂ ಮಗೂಗೆ ಔಷಧಿ ಹಾಕೋ ಹಾಗೆ ಅಳೆದು ಪೆಟ್ರೋಲು ಚಿಮ್ಮಿಸ್ಬೇಕು ಅದು. ಕೂದಲೆಳೆಯಷ್ಟು ಕಡಿಮೆ ಆದ್ರೂ ಏರಲ್ಲಿ ಉಸಿರು ಕಟ್ಟತ್ತೆ. ನಾನು ಕಿವಿಯಲ್ಲೇ ಹೊಂದಿಸ್ತಿದ್ದೆ. ಆದ್ರೆ ನಿಂಗೆ ಗೆರ್ನೋಟ್ ಬೇಕಾದ. ಉಲ್ಮ್‌ನಿಂದ ಬಂದ ಮೆಕ್ಯಾನಿಕ್ ಸಾಹೇಬ! ಹೊಗೆ ಅಳೆಯೋ ಮೆಷಿನ್ನು, ಗ್ಯಾರೇಜಿಗೆಲ್ಲ ಬಿಳಿ ಟೈಲ್ಸು... ಯಾಕೆ ಹುಬ್ಬು ಏರಿಸ್ತೀಯ? ಹೊಟ್ಟೆಕಿಚ್ಚಾ? ನಂಗಾ? ಅವನ ಟೈಲ್ಸ್ ನೋಡಿ ಹೊಟ್ಟೆ ಉರ್ಕೊಳ್ಳೋಕೆ ನಂಗೇನು ಬೇರೆ ಕೆಲಸ ಇಲ್ವಾ?

ಸರಿ, ಉರೀತು. ಹೋದ ಭಾನುವಾರ ಹಳೇ ಕಾರಿನ ಕ್ಲಬ್ಬಿನವರೆಲ್ಲ ಊಟಕ್ಕೆ ಸೇರಿದ್ವಲ್ಲ, ಆವತ್ತು ಎಲ್ಲರೆದುರಿಗೆ ಹೇಳ್ದೆ ನೀನು. ಇಷ್ಟು ವರ್ಷದಲ್ಲಿ ಕಾರು ಇಷ್ಟು ಚೆನ್ನಾಗಿ ಓಡಿದ್ದೇ ಇಲ್ಲ ಅಂತ. ನಾನು ಎದುರಿಗೇ ಕೂತಿದ್ದೆ, ತುತ್ತು ಬಾಯಲ್ಲೇ ಇತ್ತು. ಗೆರ್ನೋಟ್ ನಿನ್ನ ಕುರ್ಚಿ ಮೇಲೆ ಕೈ ಚಾಚ್ಕೊಂಡಿದ್ದ, ಅವರಪ್ಪನ ಮನೆ ಕುರ್ಚಿ ಅನ್ನೋ ಹಾಗೆ. ಮೊದಲೆಲ್ಲ ನಿನ್ನ ಪಕ್ಕದ ಸೀಟಲ್ಲಿ ಕೂತು ಇಂಜಿನ್ ಕೇಳ್ತಿದ್ದವನು ನಾನು... ಗೊತ್ತು, ಗೊತ್ತು, ನೀನೇನೂ ಮಾತು ಕೊಟ್ಟಿರಲಿಲ್ಲ. ನಾನೂ ಬಾಯಿಬಿಟ್ಟು ಕೇಳಿರಲಿಲ್ಲ. ಪಂಪು ಕೆಟ್ಟಾಗ ಬರ್ತೀಯ ಅನ್ನೋದೊಂದೇ ನಂಗಿದ್ದ ಧೈರ್ಯ. ಇವತ್ತೂ ಅವನು ಊರಲ್ಲಿಲ್ಲ ಅಂತ ತಾನೇ ಬಂದದ್ದು?

ಇರಲಿ ಬಿಡು. ತಪ್ಪು ಅವನದೇ, ಎಲ್ಲಿ ಬೇಕಾದ್ರೂ ಹೇಳ್ತೀನಿ. ಪೆಟ್ರೋಲು ತೀರಾ ಕಡಿಮೆ ಮಾಡಿಬಿಟ್ಟಿದಾನೆ. ನಮ್ಮಲ್ಲಿ ಪಂಪು ಹೊಂದಿಸಿದವನು ಸ್ಕ್ರೂ ಮೇಲೆ ತನ್ನ ಬಣ್ಣದ ಚುಕ್ಕೆ ಇಡ್ತಾನೆ, ಅದೇ ಅವನ ಸಹಿ. ನಂದು ಹಸಿರು, ಅವನದು ಕೆಂಪು. ಬಣ್ಣ ಒಣಗಿದ ಮೇಲೆ ಯಾರಾದ್ರೂ ಸ್ಕ್ರೂ ತಿರುಗಿಸಿದ್ರೆ ಚುಕ್ಕೆ ಒಡೆಯತ್ತೆ. ಈಗ ನೋಡು, ಆ ಕೆಂಪು ಚುಕ್ಕೆ ನಡುವೆ ಸೀಳಿಹೋಗಿದೆ. ಅಂದ್ರೆ ಆ ಮಹಾರಾಯ ಎಲ್ಲ ಮುಗಿಸಿ, ಮತ್ತೊಂದ್ಸಲ ತಿರುಗಿಸೋಕೆ ಹೋಗಿ...

ಏನು?

ಯಾಕೆ ಹಾಗೆ ನೋಡ್ತೀಯ? ಕಾರಿನ ಕಡೆ ಯಾಕೆ ಬೆರಳು ತೋರಿಸ್ತೀಯ... ರೋಸ್ವಿಟಾ?

ಬಾನೆಟ್... ಹೌದು. ಇನ್ನೂ ಎತ್ತಿಲ್ಲ.

ಕಾರು ಸ್ವಲ್ಪ ಎಳೆದಾಡಲಿ ಅಂತ ಅಷ್ಟೇ. ಆ ಭಾನುವಾರ ಊಟ ಆದ್ಮೇಲೆ ನೀವೆಲ್ಲ ಒಳಗೆ ಕಾಫಿ ಕುಡೀತಿದ್ರಿ, ನಾನು ಅಂಗಳಕ್ಕೆ ಬಂದೆ, ಸ್ಕ್ರೂ ಒಂಚೂರು ತಿರುಗಿಸ್ದೆ... ಲಾರಿ ಬರತ್ತೆ ಅಂತ ನಂಗೆ ಹೇಗೆ... ನೀನು ನನ್ನ ಹತ್ರ ಬರಲಿ ಅಂತ ಮಾಡಿದ್ದು. ಬಂದೆಯಲ್ಲ.

ಎಲ್ಲಿಗೆ ಹೊರಟೆ? ನಿಲ್ಲು... ಕಾರು ಇಲ್ಲೇ ಇದೆಯಲ್ಲ, ರೋಸ್ವಿಟಾ.